ಐದು ಚೊಂಬಿನ ಭೂಕಂಪ

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ತಾವಾಗಿಯೇ ಗಲಗಲ ಎಂದವು. ಸಣ್ಣ ಭೂಕಂಪವಂತೆ, ಮಾರನೆಯ ದಿನ ಪೇಪರಿನಲ್ಲಿತ್ತು. ನಾನು ಪೇಪರಿಗೆ ಕಾಯಲಿಲ್ಲ. ಸೌಟು ಹಿಡಿದುಕೊಂಡೇ ಅಂಗಳಕ್ಕೆ ಹಾರಿದ್ದೆ. ಮಂಡಿನೋವಿನ ಗಂಡನೊಬ್ಬರು ಒಳಗೆ ಕುರ್ಚಿಯಲ್ಲಿದ್ದಾರೆ ಎಂಬುದು ನೆನಪಾಗಿದ್ದು ಆಮೇಲೆ.

ನಗಬೇಡಿ. ಇದೇ ತಪ್ಪಿಗೆ ಅವರನ್ನು ನಾನು ಐವತ್ತು ವರ್ಷ ಗೋಳು ಹೊಯ್ದುಕೊಂಡಿದ್ದೇನೆ.

ಆಗ ನಲವತ್ತರ ದಶಕ. ಆವತಿ ಎಂಬ ಹಳ್ಳಿಯಲ್ಲಿ ನನ್ನ ತವರುಮನೆ. ಯುದ್ಧ ಮುಗಿಸಿ ಬಂದ ಚಿಕ್ಕಪ್ಪ ಉತ್ತರದ ಕಡೆ ಎಲ್ಲೋ ಭೂಕಂಪ ಕಂಡಿದ್ದ. ನಮ್ಮ ಬೆಟ್ಟದ ಬಂಡೆಯಲ್ಲಿ ಒಂದು ಬಿರುಕು ನೋಡಿ, "ಇದು ಭೂಮೀದೇ ಸೀಳು ಕಣ್ರೋ, ಇವತ್ತಲ್ಲ ನಾಳೆ ಬಾಯ್ಬಿಡುತ್ತೆ" ಎಂದು ಸಾರಿಬಿಟ್ಟ. ಹಜಾರದ ಮೂಲೆಯಲ್ಲಿ ಐದು ಹಿತ್ತಾಳೆ ಚೊಂಬುಗಳನ್ನು ಒಂದರ ಮೇಲೊಂದು ನಿಲ್ಲಿಸಿದ. ಭೂಮಿ ಅಲುಗಿದರೆ ಚೊಂಬು ಉರುಳಬೇಕು; ಚೊಂಬು ಉರುಳಿದರೆ ನಾವೆಲ್ಲ ಹಿಂದೆ ನೋಡದೆ ಬಯಲಿಗೆ ಓಡಬೇಕು. ಬೆಕ್ಕಿನ ದಯೆಯಿಂದ ವಾರಕ್ಕೆರಡು ಸಲ ಓಡುತ್ತಿದ್ದೆವು. ನೀರು ಕುಡಿಯಲು ಮಾತ್ರ ಮನೆಯಲ್ಲಿ ಚೊಂಬಿರಲಿಲ್ಲ, ನೆಂಟರಿಗೆಲ್ಲ ಬೊಗಸೆಯೇ ಗತಿ.

ಅಷ್ಟರಲ್ಲಿ ನನ್ನನ್ನು ನೋಡಲು ದೇವನಹಳ್ಳಿಯಿಂದ ಗಂಡಿನವರು ಬಂದರು. ನನಗೋ ಮದುವೆ ಸುತರಾಂ ಬೇಡ. ಓದಿ ಶಾಲೆಯ ಮೇಡಮ್ಮನಾಗಬೇಕು, ಮದುವೆಯಾದರೆ ಓದಿಗೆ ಎಳ್ಳುನೀರು ಬಿಟ್ಟಂತೆಯೇ. ಚಿಕ್ಕಪ್ಪ ಹುಡುಗನಿಗೆ ಚೊಂಬಿನ ಕಾನೂನನ್ನೂ ಭೂಮಿ ಬಾಯಿಬಿಡುವ ಬಗೆಯನ್ನೂ ಒಂದು ಗಂಟೆ ಬಣ್ಣಿಸಿದ್ದ. ಹುಡುಗನ ಮುಖ ಬಿಳಿಚಿಕೊಂಡಿತ್ತು. ಕಾಫಿ ತಟ್ಟೆ ಹಿಡಿದು ಬಂದ ನಾನು, ತಳದ ಚೊಂಬಿಗೆ ಕಾಲಲ್ಲಿ ಮೆಲ್ಲಗೆ ಒಂದು ಒದ್ದೆ.

ಢಣಢಣ! ಅಬ್ಬಬ್ಬಾ, ಆ ಓಟವೇ ಓಟ! ಎಲ್ಲರಿಗಿಂತ ಮುಂದೆ ಹುಡುಗ. ಬಯಲು ದಾಟಿ ಕೆರೆ ಏರಿಯ ಮೇಲೆ ಹೋಗಿ ನಿಂತನಂತೆ. "ನಾನ್ ಹೇಳ್ಲಿಲ್ವಾ? ನಾನ್ ಹೇಳ್ಲಿಲ್ವಾ?" ಎಂದು ಚಿಕ್ಕಪ್ಪ ಓಡುತ್ತಲೇ ಕುಣಿಯುತ್ತಿದ್ದ. ಒಳಗೆ ಉಳಿದವರು ಇಬ್ಬರೇ, ಏಳಲಾರದ ಅಜ್ಜಿ ಮತ್ತು ನಗು ತಡೆಯಲಾರದ ನಾನು. ಆಗ ಹುಡುಗನ ತಾಯಿ ವಾಪಸು ನುಗ್ಗಿದರು. ಅಜ್ಜಿಯನ್ನು ಮೂಟೆಯಂತೆ ಎತ್ತಿಕೊಂಡು ನನ್ನ ರಟ್ಟೆ ಹಿಡಿದವರು, ನನ್ನ ಮುಖ ನೋಡಿದರು, ಚೊಂಬು ನೋಡಿದರು.

"ನೀನೇ ಏನೇ?"

"ನಾನು ಓದ್ಬೇಕು" ಎಂದೆ. ಅಳು ಬಂದುಬಿಟ್ಟಿತು.

"ಅಷ್ಟೇನಾ? ನಮ್ಮನೇಗ್ ಬಂದು ಓದು. ಯಾರ್ ಬೇಡ ಅಂತಾರೆ ನೋಡ್ತೀನಿ. ಈ ಚೊಂಬಿನ್ ಸುದ್ದಿ ನಾನು ಯಾರ್ಗೂ ಹೇಳಲ್ಲ."

ನಿಜ ಹೇಳುತ್ತೇನೆ, ನಾನು ಒಪ್ಪಿದ್ದು ಅತ್ತೆಯನ್ನು. ಗಂಡ ಜೊತೆಗೆ ಬಂದರು. ಓದಿದೆ, ಮೇಡಮ್ಮನೂ ಆದೆ. ಮನೆಗೆ ಯಾರು ಬಂದರೂ "ನಮ್ಮನ್ನೆಲ್ಲ ಬಿಟ್ಟು ಕೆರೆ ಏರಿ ಹತ್ತಿದ ಶೂರರು ಇವರೇ" ಎಂದು ಕಾಲೆಳೆದೆ. ಅವರು ಒಂದು ದಿನವೂ ತುಟಿ ಬಿಚ್ಚಲಿಲ್ಲ.

ಮೊನ್ನೆ ನಾಚಿಕೆಯಿಂದ ಒಳಗೆ ಬಂದು, ಅವರ ಪಕ್ಕ ಕುಳಿತು ಒಪ್ಪಿಕೊಂಡೆ. "ರೀ, ಅವತ್ತು ಭೂಕಂಪಾನೇ ಆಗಿರ್ಲಿಲ್ಲ. ಚೊಂಬು ಒದ್ದಿದ್ದು ನಾನು."

"ಗೊತ್ತು ಕಣೇ. ಅವತ್ತು ವಾಪಸ್ ಹೋಗ್ತಾ ಗಾಡೀಲೇ ಅಮ್ಮ ಹೇಳಿದ್ಲು."

"ಮತ್ತೆ ಇಷ್ಟ್ ವರ್ಷ ಯಾಕ್ರೀ ಸುಮ್ನಿದ್ರಿ?"

"ಆ ಕಥೆ ಹೇಳ್ವಾಗ ನೀನು ಎಷ್ಟ್ ನಗ್ತಿದ್ದೆ! ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ಒಲೆಯ ಮೇಲೆ ಸಾರು ಸೀಯುತ್ತಿತ್ತು. ನಾನು ಏಳಲಿಲ್ಲ, ಅವರ ಕೈ ಹಿಡಿದುಕೊಂಡು ಕುಳಿತೇ ಇದ್ದೆ.