ಮುಟ್ಟಿದ ಕುದುರೆ

“ಚೆಸ್ ಆಡಿ ಹೊಟ್ಟೆ ತುಂಬಿಸಿಕೊಂಡವರು ನಮ್ಮ ಕಡೆ ಯಾರಾದರೂ ಉಂಟಾ? ಇವನಿಂದ ಆಗುವುದಲ್ಲ” ಎಂದವರು ನನ್ನ ದೊಡ್ಡಪ್ಪ. ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಎರಡು ಸಲ ಫೇಲಾಗಿ ಬಿ.ಕಾಂ. ಪಾಸು ಮಾಡಿದವನು. ಆ ಹೆಮ್ಮೆಯಲ್ಲೇ, ಚೆಸ್ಸಿನಿಂದಲೇ ಬದುಕುತ್ತೇನೆಂದು ಡೊಂಬಿವಲಿಯ ಮಾವನ ಒಂದು ಕೋಣೆಯ ಮನೆಗೆ ಹೊರಟೆ. ಮೊದಲ ದಿನವೇ ಲೋಕಲ್ ರೈಲಿನ ಜನ ಇಳಿಯಲು ಬಿಡಲಿಲ್ಲ. ಪೆಟ್ಟಿಗೆಯೊಂದಿಗೆ ಮುಂದಿರುವ ಕಲ್ಯಾಣ ಸ್ಟೇಷನ್ನಿಗೆ ಹೋಗಿ ವಾಪಸು ಬಂದೆ.

ಇಲ್ಲಿ ಮಂತ್ರಿಗೆ ವಜೀರ್, ಕುದುರೆಗೆ ಘೋಡಾ. ಅದನ್ನು ವಾರದಲ್ಲಿ ಕಲಿತೆ. ಕೈಗೆ ಕಲಿಸುವುದೇ ಕಷ್ಟವಾಯಿತು. ಊರಿನ ರಿಕ್ಷಾ ಸ್ಟ್ಯಾಂಡಿನಲ್ಲಿ ತಪ್ಪು ನಡೆಸಿದರೆ “ಒಂದು ಸಲ ಬಿಡು ಮಾರಾಯ” ಎಂದು ಹಿಂದೆ ತೆಗೆಯಬಹುದಿತ್ತು. ಇಲ್ಲಿ ಮುಟ್ಟಿದ ಕಾಯನ್ನೇ ನಡೆಸಬೇಕು. ಓರೆಯಾದದ್ದನ್ನು ಸರಿ ಮಾಡಲಷ್ಟೇ ಮುಟ್ಟುವುದಾದರೆ ಮೊದಲೇ “ಅಡ್ಜಸ್ಟ್” ಎನ್ನಬೇಕು.

ಥಾಣೆಯ ಟೂರ್ನಮೆಂಟಿನ ಕೊನೆಯ ಸುತ್ತು. ಗೆದ್ದರೆ ಬಹುಮಾನದ ಪಟ್ಟಿಯಲ್ಲಿ ಹೆಸರು. ಹೆಸರು ಬಂದರೆ ವಾಶಿಯ ಚೆಸ್ ಕ್ಲಾಸಿನಲ್ಲಿ ಮಾಸ್ತರ ಕೆಲಸ. ಎದುರಿಗೆ ಬದಲಾಪುರದ ನಿವೃತ್ತ ಅಜ್ಜ. ನಾನು ಕುದುರೆಯನ್ನು ಹಿಡಿದೆ. ಎತ್ತಿದರೆ ವಜೀರ್ ಹೋಗುತ್ತದೆಂದು ಆಗ ಕಂಡಿತು. ಕೈ ಬಿಟ್ಟು ಆನೆ ನಡೆಸಿದೆ.

“ಬಾಳಾ, ಘೋಡ್ಯಾಲಾ ಹಾತ್ ಲಾವ್ಲಾಸ್ ತೂ” ಎಂದರು ಅಜ್ಜ. ಮಗೂ, ಕುದುರೆ ಮುಟ್ಟಿದೆಯಲ್ಲ ಎಂದು.

ಪಂಚ್ ಬಂದರು, ಇಲ್ಲಿ ತೀರ್ಪುಗಾರರನ್ನು ಹಾಗೆನ್ನುತ್ತಾರೆ. ನಾನು, “ಅಡ್ಜಸ್ಟ್ ಬೋಲಾ ಥಾ, ಸರ್” ಎಂದೆ. ಅಡ್ಜಸ್ಟ್ ಎಂದು ನಾನು ಹೇಳಿರಲಿಲ್ಲ. ಅಜ್ಜನ ಹೊರತು ಸಾಕ್ಷಿ ಯಾರೂ ಇರಲಿಲ್ಲ.

ಅಜ್ಜ ನನ್ನ ಮುಖವನ್ನೇ ನೋಡಿದರು. “ಠೀಕ್ ಆಹೇ. ಖೇಳ್” ಎಂದರು, ಸರಿ, ಆಡು ಎಂದು. ಮುಂದಿನ ಮೂವತ್ತು ನಡೆಗಳಲ್ಲಿ ಒಮ್ಮೆಯೂ ತಲೆ ಎತ್ತಲಿಲ್ಲ. ನಾನು ಗೆದ್ದೆ.

ಊರಿನ ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಊರಿನಲ್ಲಿ ನಾವು ಕೇಳಿ ಹಿಂದೆ ತೆಗೆಯುತ್ತಿದ್ದೆವು, ಸುಳ್ಳು ಹೇಳಿ ಅಲ್ಲ. ಊರಿನ ಹೆಸರನ್ನು ಈ ಸುಳ್ಳಿಗೆ ಎಳೆದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಇಲ್ಲಿಯವನಂತೂ ನಾನು ಇನ್ನೂ ಆಗಿರಲಿಲ್ಲ.

ಮಾಜಿವಾಡಾದ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಮಾವ ಅರ್ಧ ದಿನ ರಜೆ ಹಾಕಿ ಬಹುಮಾನ ಕೊಡುವ ಹೊತ್ತಿಗೆ ಬಂದಿದ್ದರು. ವೇದಿಕೆಗೆ ನನ್ನ ಹೆಸರು ಕರೆದರು. ಸರ್ಟಿಫಿಕೇಟು ಕೈಗೆ ಬಂತು. ಕೆಳಗಿಳಿದಾಗ ಮಾವ ನನ್ನ ಭುಜ ಹಿಡಿದು, ಮೊದಲ ಸಾಲಿನ ಕಡೆ ತಿರುಗಿಸಿದರು.

“ಅಗೋ, ನಿನ್ನ ಹತ್ತಿರ ಸೋತ ಅಜ್ಜ. ಸೋತರೂ ಚಪ್ಪಾಳೆ ತಟ್ಟುತ್ತಿದ್ದಾರೆ ನೋಡು, ಎಂಥ ಮನುಷ್ಯ ಮಾರಾಯ! ಹೋಗು, ಕಾಲು ಮುಟ್ಟಿ ನಮಸ್ಕಾರ ಮಾಡು.”