ನೂರೆಂಬತ್ತು ಮೆಟ್ಟಿಲ ಮೇಲಿನ ಕ್ಯಾಮೆರಾ

ಸೂರ್ಯನಿನ್ನೂ ಕಣ್ಣು ಬಿಟ್ಟಿಲ್ಲ. ಕ್ರೇನಕ್ಕ ಆಗಲೇ ಕ್ರೇನಿನ ಕಬ್ಬಿಣದ ಏಣಿಯ ಅರ್ಧ ದಾಟಿದ್ದಾಳೆ. ಒಟ್ಟು ನೂರೆಂಬತ್ತು ಮೆಟ್ಟಿಲು. ಬೆನ್ನಿನ ಚೀಲದಲ್ಲಿ ಊಟದ ಡಬ್ಬಿ, ಅದರ ಪಕ್ಕ ಟವೆಲ್ಲು ಹೊದ್ದು ಕೂತ ಹೊಚ್ಚಹೊಸ ಕ್ಯಾಮೆರಾ. ತುದಿಯ ಚಾಲಕರ ಗೂಡು ಸೇರಿ ಉಸ್ಸೆನ್ನುತ್ತಾಳೆ. ಇವತ್ತು ಫೋಟೊ ಸಿಗದಿದ್ದರೆ ಇನ್ನು ಸಿಗುವುದಿಲ್ಲ. ಕಟ್ಟಡದ ಕೆಲಸ ಇವತ್ತಿಗೆ ಮುಗಿಯುತ್ತದೆ; ನಾಳೆ ಕೆಳಗಿನ ಅರವತ್ತೆರಡು ಕೆಲಸಗಾರರು ದಿಕ್ಕಿಗೊಬ್ಬರು ಹೊರಡುತ್ತಾರೆ.

ಮೊದಲು ನಾಲ್ಕು ವರ್ಷ ಸಿಮೆಂಟು ಹೊತ್ತವಳು, ಆಮೇಲೆ ಹಟ ಹಿಡಿದು ಕ್ರೇನು ಕಲಿತಳು. ದಿನಕ್ಕೆ ನೂರಿಪ್ಪತ್ತು ಸಲ ಕಬ್ಬಿಣ, ಕಾಂಕ್ರೀಟು ಎತ್ತಿ ಇಳಿಸುತ್ತಾಳೆ. ಕಟ್ಟಡ ಎದ್ದ ಮೇಲೆ ಪೇಪರಿನಲ್ಲಿ ಬರುವುದು ರಿಬ್ಬನ್ ಕತ್ತರಿಸುವವನ ಮುಖ. ಬೆವರು ಹರಿಸಿದವರ ಮುಖ ಇರುವುದು ಗೇಟ್ ಪಾಸಿನಲ್ಲಿ. ಕೊನೆಯ ದಿನ ಅದನ್ನೂ ಕಿತ್ತುಕೊಳ್ಳುತ್ತಾರೆ. ಯಾವ ನ್ಯಾಯ ಇದು?

ಅವರ ಫೋಟೊ ತಾನೇ ತೆಗೆಯಬೇಕೆಂದೇ ಮಂಗಳವಾರ ಅವಳು ಕ್ಯಾಮೆರಾ ಅಂಗಡಿಗೆ ಹೋದದ್ದು. ಅಷ್ಟು ಮೇಲಿನಿಂದ ಫೋನಿನಲ್ಲಿ ತೆಗೆದರೆ ಮುಖ ಎಳ್ಳುಕಾಳು. ಹಿಗ್ಗಿಸಿದರೆ ಕಲಸಿದ ಹಿಟ್ಟು.

"ಮೇಡಂ, ಇದು ಇಪ್ಪತ್ನಾಲ್ಕು ಮೆಗಾಪಿಕ್ಸೆಲ್. ಲೆನ್ಸೂ ಬದಲಾಯಿಸ್ಬಹುದು," ಎಂದ ಅಂಗಡಿಯವ.

"ಬದಲಾಯಿಸೋವಾಗ ಕೈಜಾರಿ ಕೆಳಗಿರೋನ ತಲೆ ಮೇಲೆ ಬಿದ್ರೆ ನೀನು ಬರ್ತೀಯೇನಪ್ಪಾ?"

ಚೀಲದಿಂದ ಕೆಲಸದ ಕೈಗವಸು ತೆಗೆದು ಹಾಕಿಕೊಂಡು ಒಂದೊಂದೇ ಕ್ಯಾಮೆರಾದ ಗುಂಡಿ ಒತ್ತಿದಳು. ಐದು ತಿರಸ್ಕೃತ. ಆರನೆಯದು ಸಣ್ಣದು, ಹಗುರ, ಲೆನ್ಸು ತಾನೇ ಮೂತಿ ಚಾಚುತ್ತದೆ. ಬಾಗಿಲಲ್ಲಿ ನಿಂತು ಬೀದಿ ಕೊನೆಯ ಕ್ಷೌರಿಕನತ್ತ ಹಿಡಿದಳು. "ಅವನ ಮೀಸೆ ಕೂದಲು ಎಣಿಸ್ಬಹುದು! ಇದೇ ಕೊಡು."

ಬುಧವಾರ ಚಹಾ ವೇಳೆಗೆ ಮೇಲಿನಿಂದ ಕ್ಲಿಕ್ಕಿಸಿದಳು. ಬಂದದ್ದು ಬರೀ ಹಳದಿ ಹೆಲ್ಮೆಟ್ಟು. ಇಳಿದ ಮೇಲೆ ಫೋಟೊ ನೋಡಿದ ಮೇಸ್ತ್ರಿ ಬಿದ್ದುಬಿದ್ದು ನಕ್ಕ. "ಏನಕ್ಕಾ, ನಮ್ಮನ್ನ ತೆಗೆದ್ಯೋ, ನಿಂಬೆಹಣ್ಣಿನ ರಾಶಿನೋ?"

ಎಲ್ಲರೂ ತಲೆ ಎತ್ತಲಿ ಎಂದು ಗುರುವಾರ ಹಾರನ್ ಒತ್ತಿದಳು. ಕ್ರೇನಿನ ಹಾರನ್ ಎಂದರೆ ತಲೆ ಮೇಲೆ ಭಾರ ಬರುತ್ತಿದೆ, ಪಕ್ಕಕ್ಕೆ ಸರಿಯಿರಿ ಎಂದು ಅರ್ಥ. ಅರವತ್ತೆರಡು ಜನ ದಿಕ್ಕಾಪಾಲು! ಫೋಟೊದಲ್ಲಿ ಉಳಿದದ್ದು ಖಾಲಿ ನೆಲ, ಉರುಳಿದ ಎರಡು ಲೋಟ. ಸೂಪರ್‌ವೈಸರ್ ಬೈದದ್ದಂತೂ ಮೇಲಿನವರೆಗೂ ಕೇಳಿಸಿತು.

ಇವತ್ತು ಶುಕ್ರವಾರ. ಈಗ ಹತ್ತು ಗಂಟೆ, ಚಹಾ ವೇಳೆ. ಕೊಕ್ಕೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಕ್ರೇನಕ್ಕ ವಾಕಿಟಾಕಿ ಎತ್ತಿಕೊಳ್ಳುತ್ತಾಳೆ. "ಮೇಸ್ತ್ರಿ, ಎಲ್ಲಾರಿಗೂ ಹೇಳಪ್ಪ, ಒಂದ್ಸಲ ನನ್ ಕಡೆ ನೋಡಿ ಅಂತ."

"ಏ, ಅಕ್ಕನ್ನ ನೋಡ್ರೋ! ಹಲ್ಲಿರೋರು ಹಲ್ಲು ಬಿಡಿ, ಇಲ್ದೋರು ಬಾಯಿ ಬಿಡಿ!"

ಅರವತ್ತೆರಡು ಮುಖ ಒಟ್ಟಿಗೆ ಮೇಲೇಳುತ್ತವೆ. ಬಿಸಿಲಿಗೆ ಕಣ್ಣು ಕಿರಿದು, ನಗುವಿಗೆ ಬಾಯಿ ಅಗಲ. ಕ್ಲಿಕ್.

ಇಳಿದು ಬಂದವಳನ್ನು ಜನ ಮುತ್ತಿಕೊಳ್ಳುತ್ತಾರೆ. ಪುಟ್ಟ ಪರದೆಯಲ್ಲಿ ಪ್ರತಿಯೊಬ್ಬರಿಗೂ ಮೊದಲು ತನ್ನದೇ ಮುಖ ಹುಡುಕುವ ಅವಸರ. ಮುಂದೇನಾಸೆ ಎಂದು ಮೇಸ್ತ್ರಿ ಕೇಳಿದರೆ ಕ್ರೇನಕ್ಕ ನಗುತ್ತಾಳೆ. "ಮುಂದಿನ ಬಿಲ್ಡಿಂಗು ಎತ್ತರ ಇರ್ಲಿ, ಬೇಡ ಅನ್ನಲ್ಲ. ನಮ್ಮೋರ ಮುಖ ಈ ಕ್ಯಾಮೆರಾದಲ್ಲಿ ಸಿಗೋಷ್ಟೇ ಎತ್ತರ ಇದ್ರೆ ಸಾಕು."