ಶೋಭಾ ತಾನೇ ಕೇಳಿಸಿಕೊಂಡ ಉತ್ತರ

“ನೀನು ಓದ್ಬೇಡ ಕಣೇ, ನಾನೇ ಕೇಳಿಸ್ಕೋತೀನಿ!” ಕಂಪ್ಯೂಟರ್ ಪರದೆಯತ್ತ ಬಾಗಿದ ನನ್ನನ್ನು ಶೋಭಾ ತಡೆದಳು.

ಎರಡು ಸಾವಿರದ ಇಸವಿ ಕಳೆದ ಹೊಸತು. ಸರಸ್ವತಿಪುರಂನ ಕಾಲೇಜಿನಲ್ಲಿ ನಾವಿಬ್ಬರೂ ಸಂಖ್ಯಾಶಾಸ್ತ್ರ ಓದುತ್ತಿದ್ದೆವು. ಶೋಭಾಗೆ ಕಣ್ಣು ಕಾಣದು. ಪ್ರತಿ ಲೆಕ್ಕದ ಉತ್ತರವನ್ನೂ ನಾನು ಓದಿ ಹೇಳಬೇಕಿತ್ತು. ಅಂದು ಮೇಷ್ಟ್ರು ನೋಟ್‌ಬುಕ್ಕಿನಂಥ ಹೊಸ ಪ್ರೋಗ್ರಾಂ ತಂದಿದ್ದರು. ಒಂದು ಸಾಲು ಟೈಪ್ ಮಾಡಿದರೆ ಅದರ ಕೆಳಗೇ ಉತ್ತರ ಬರುತ್ತಿತ್ತು. ಪರದೆ ಓದುವ ತಂತ್ರಾಂಶ ಅದನ್ನು ಅವಳ ಹೆಡ್‌ಫೋನಿನಲ್ಲಿ ಹೇಳುತ್ತಿತ್ತು.

ಶೋಭಾ ಮಳೆಯ ಅಂಕಿಗಳನ್ನು ಟೈಪ್ ಮಾಡಿ ಸರಾಸರಿ ಕೇಳಿಸಿಕೊಂಡಳು. ಉತ್ತರ ತೀರಾ ದೊಡ್ಡದಾಗಿತ್ತೇನೋ, ಹುಬ್ಬು ಗಂಟಿಕ್ಕಿದಳು. ಒಂದು ಅಂಕಿ ಬದಲಿಸಿ ಮತ್ತೆ ಕೇಳಿಸಿಕೊಂಡಳು. ತಕ್ಷಣ ಜೋರಾಗಿ ನಕ್ಕುಬಿಟ್ಟಳು.

“ಸಾರ್, ತಪ್ಪು ಮಾಡಿದ್ದು ಗೊತ್ತಾಯ್ತು! ನಾನೇ ತಿದ್ದಿಬುಟ್ಟೆ!”

ಆಮೇಲೆ ಅವಳ ಪಕ್ಕದಲ್ಲಿ ನನಗೆ ಕೆಲಸವೇ ಇರಲಿಲ್ಲ. ಸುಮ್ಮನೆ ಕೂತು ಅಷ್ಟೊಂದು ಸಂತೋಷಪಟ್ಟಿದ್ದು ನನಗೆ ಅದೇ ಮೊದಲು.